ಬಂಡೆಯ ಮೇಲೊಂದು ಉದ್ಯಾನ

ಉದ್ಯಾನವೆಂದೊಡನೆ ಕನ್ನಡಿಗರ ಕಣ್ಣ ಮುಂದೆ ಬಂದು ನಿಲ್ಲುವುದು ಲಾಲ್‌ಬಾಗಿನ ನೆರಳು, ಬೃಂದಾವನದ ಕಾರಂಜಿ, ಅಂದವಾಗಿ ಕತ್ತರಿಸಿದ ಹುಲ್ಲುಹಾಸು. ನೀರಿಲ್ಲದ, ನೆರಳಿಲ್ಲದ, ಹೇಳಿಕೊಳ್ಳುವಷ್ಟು ಮಣ್ಣೂ ಇಲ್ಲದ ಉದ್ಯಾನವೊಂದುಂಟೆಂದರೆ ಯಾರೂ ಸುಲಭವಾಗಿ ನಂಬಲಾರರು. ಅಂಥದೊಂದು ಉದ್ಯಾನ ರಾಜಸ್ಥಾನದ ಜೋಧಪುರದಲ್ಲಿದೆ. ಅಲ್ಲಿ ಗುಲಾಬಿಯ ಪಾತಿಗಳಿಲ್ಲ, ಕಾರಂಜಿಗಳಿಲ್ಲ. ಇರುವುದು ಕಂದು ಬಣ್ಣದ ಬಂಡೆ, ಆ ಬಂಡೆಯ ಬಿರುಕಿನಲ್ಲಿ ಕಾಲೂರಿ ನಿಂತ ಮುಳ್ಳುಗಿಡಗಳು, ಮೇಲೆ ಉರಿಯುವ ಸೂರ್ಯ. ಆದರೂ ಅದನ್ನು ನೋಡಿ ಬಂದವರು ಬಹುಕಾಲ ಮರೆಯುವುದಿಲ್ಲ.

ಮಾರವಾಡ ಎಂಬ ಹೆಸರಿನಲ್ಲಿಯೇ ಮರುಭೂಮಿ ಅಡಗಿದೆ. ಆ ಮಾರವಾಡದ ಹಳೆಯ ರಾಜಧಾನಿ ಜೋಧಪುರ. 1459ರಲ್ಲಿ ರಾವ್ ಜೋಧಾ ಎಂಬ ರಾಠೋಡ ದೊರೆ ಇಲ್ಲಿನ ಕಡಿದಾದ ಬೆಟ್ಟದ ಮೇಲೆ ಕೋಟೆಗೆ ಅಡಿಗಲ್ಲನ್ನಿಟ್ಟನು. ಅದೇ ಇಂದಿನ ಮೆಹರಾನ್‌ಗಢ. ಬೆಟ್ಟ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಮೊದಲಾಯಿತು ಎಂಬುದು ಕೆಳಗೆ ನಿಂತು ನೋಡುವವನಿಗೆ ತಿಳಿಯದಂತೆ ಕೋಟೆ ಬಂಡೆಯೊಡನೆ ಬೆಸೆದುಕೊಂಡಿದೆ. ಅದರ ಅಡಿಯಲ್ಲಿ ನೀಲಿ ಬಣ್ಣ ಬಳಿದ ಮನೆಗಳ ಹಳೆಯ ಊರು ಹರಡಿದೆ.

ಕೋಟೆ ಕಟ್ಟುವ ಮುನ್ನ ಆ ಬೆಟ್ಟದ ಮೇಲೆ ಚಿಡಿಯಾನಾಥನೆಂಬ ಯೋಗಿ ಒಬ್ಬನೇ ವಾಸವಾಗಿದ್ದನೆಂದು ಐತಿಹ್ಯವಿದೆ. ಹಕ್ಕಿಗಳೇ ಅವನ ಪರಿವಾರ. ಅರಸನು ಅವನನ್ನು ಅಲ್ಲಿಂದ ಎಬ್ಬಿಸಿದಾಗ, "ನಿನ್ನ ಕೋಟೆಗೆ ನೀರಿನ ಬರ ತಪ್ಪದಿರಲಿ" ಎಂದು ಶಪಿಸಿ ಹೊರಟುಹೋದನಂತೆ. ಶಾಪದ ಮಾತು ಹಾಗಿರಲಿ. ಜೋಧಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 360 ಮಿಲಿಮೀಟರ್ ಮಾತ್ರ. ಅದರಲ್ಲಿ ಬಹುಪಾಲು ಜುಲೈಯಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ಕೆಲವು ವರ್ಷ ಅದೂ ಇಲ್ಲ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದು ಅಲ್ಲಿ ವಿಶೇಷದ ಸಂಗತಿಯಲ್ಲ. ಇಂಥ ಕಡೆ, ಅದೂ ಬರಿಯ ಬಂಡೆಯ ಮೇಲೆ, ಏನನ್ನು ಬೆಳೆಸಬಹುದು? ಈ ಪ್ರಶ್ನೆಗೆ ದೊರೆತ ಉತ್ತರವೇ ಕೋಟೆಯ ಮಗ್ಗುಲಲ್ಲಿರುವ "ರಾವ್ ಜೋಧಾ ಮರುಭೂಮಿ ಶಿಲೋದ್ಯಾನ".

ಬೆಂಕಿಯಿಂದ ಹುಟ್ಟಿದ ನೆಲ

ಕೋಟೆಯ ಉತ್ತರಕ್ಕೆ, ಹಳೆಯ ನಗರದ ಗೋಡೆಗೆ ಸೇರಿದ ಸಿಂಘೋರಿಯಾ ಪೋಲ್ ಎಂಬ ಪ್ರಾಚೀನ ದ್ವಾರವಿದೆ. ಉದ್ಯಾನದ ಬಾಗಿಲು ಅದೇ. ಒಳಗೆ ಸುಮಾರು 70 ಹೆಕ್ಟೇರ್, ಎಂದರೆ 170 ಎಕರೆಗೂ ಮಿಕ್ಕಿದ ಕಲ್ಲುನೆಲ ಏರಿಳಿಯುತ್ತ ಹಬ್ಬಿದೆ.

ಈ ಕಲ್ಲು ಸಾಮಾನ್ಯವಾದುದಲ್ಲ. ಸುಮಾರು 75 ಕೋಟಿ ವರ್ಷಗಳ ಹಿಂದೆ ಈ ಪ್ರದೇಶದಲ್ಲಿ ಜ್ವಾಲಾಮುಖಿಗಳು ಬೆಂಕಿಯನ್ನು ಕಾರುತ್ತಿದ್ದವು. ಆಗ ಹರಿದು ಹೆಪ್ಪುಗಟ್ಟಿದ ಲಾವಾರಸವೇ ಇಂದಿನ ರಯೋಲೈಟ್ ಶಿಲೆ. ಬಿಸಿಬೂದಿ ಒತ್ತರಿಸಿ ಬೆಸೆದುಕೊಂಡು ಕಲ್ಲಾದ ಪದರಗಳೂ ಇಲ್ಲಿವೆ. ಭೂವಿಜ್ಞಾನಿಗಳು ಇದನ್ನು ಮಾಲಾಣಿ ಶಿಲಾಸಮೂಹವೆಂದು ಕರೆಯುತ್ತಾರೆ. ಜೋಧಪುರದ ಈ ಶಿಲೆಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆಯೂ ದೊರೆತಿದೆ. ಕೋಟೆಯ ಅರಮನೆಗಳಿಗೆ ಬಳಸಿರುವ ಮರಳುಗಲ್ಲು ಉಳಿಯ ಮಾತನ್ನು ಕೇಳಿ ಹೂಬಳ್ಳಿಯಾಗುತ್ತದೆ. ರಯೋಲೈಟ್ ಹಾಗಲ್ಲ. ಅದು ಕಬ್ಬಿಣದಂತೆ ಗಡುಸು. ಮಳೆಯ ನೀರು ಅದರ ಮೇಲೆ ನಿಲ್ಲದು, ಒಳಗೆ ಇಳಿಯದು; ಬಿರುಕುಗಳಿದ್ದಲ್ಲಿ ಮಾತ್ರ ಜಿನುಗಿ, ಅಲ್ಲಿ ಶೇಖರವಾದ ಒಂದು ಹಿಡಿ ಮಣ್ಣನ್ನು ತೋಯಿಸುತ್ತದೆ. ಆ ಒಂದು ಹಿಡಿಯಲ್ಲಿ ಬದುಕಲು ಕಲಿತ ಗಿಡವೇ ಇಲ್ಲಿಗೆ ಯೋಗ್ಯವಾದ ಗಿಡ.

ಹಿಂದಿನವರು ಈ ನೆಲದ ಗುಣವನ್ನು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಉದ್ಯಾನದೊಳಗೇ ಸಾಕ್ಷಿಯಿದೆ. ಬಂಡೆಯನ್ನು ಕೊರೆದು ಮಾಡಿದ ಒಂದು ಆಳವಾದ ಕಾಲುವೆ ಇಲ್ಲಿ ಹಾಯ್ದುಹೋಗುತ್ತದೆ. ಅದರ ಹೆಸರು ಹಾಥೀ ನಹರ್. ಬೆಟ್ಟದ ಮೇಲೆ ಬಿದ್ದ ಮಳೆಯ ನೀರನ್ನು ಹಿಡಿದು ಕೋಟೆಯ ಬುಡದ ಕೆರೆಗಳಿಗೆ ತಲಪಿಸುವುದು ಅದರ ಕೆಲಸವಾಗಿದ್ದಿತು. ಇಂದು ನೋಡುಗರು ಆ ಕಾಲುವೆಯ ತಳದಲ್ಲಿಯೇ ನಡೆಯುತ್ತಾರೆ. ಎರಡೂ ಬದಿಗೆ ಎದ್ದುನಿಂತ ಕಲ್ಲಿನ ಗೋಡೆಗಳಲ್ಲಿ ಬೇರುಗಳು ಹೇಗೆ ಬಿರುಕನ್ನು ಹುಡುಕುತ್ತ ಇಳಿದಿವೆಯೆಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಬಳ್ಳಾರಿ ಜಾಲಿಯ ರಾಜ್ಯ

ಇಪ್ಪತ್ತು ವರ್ಷಗಳ ಹಿಂದೆ ಈ ಸ್ಥಳವನ್ನು ನೋಡಿದ್ದವರು, "ಅಲ್ಲಿ ಹಸುರು ಇರಲಿಲ್ಲ" ಎಂದು ಹೇಳಲಾರರು. ಹಸುರು ಬೇಕಾದಷ್ಟಿತ್ತು. ಆದರೆ ಅದೆಲ್ಲ ಒಂದೇ ಗಿಡದ ಹಸುರು. ಮಾರವಾಡದ ಜನ ಅದನ್ನು ಬಾವಲಿಯಾ ಎನ್ನುತ್ತಾರೆ. ಹಿಂದೀ ಮಾತನಾಡುವವರಿಗೆ ಅದು ವಿಲಾಯತಿ ಬಬೂಲ್. ಕನ್ನಡಿಗರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಯೇ ಇಲ್ಲ. ರಾಯಚೂರು, ಬಳ್ಳಾರಿ, ಕೊಪ್ಪಳಗಳ ಕಡೆ ಹೋದವರು ರೈಲಿನ ಕಿಟಕಿಯಿಂದ ಗಾವುದ ಗಾವುದ ನೋಡಿರುವ ಬಳ್ಳಾರಿ ಜಾಲಿಯೇ ಅದು.

ಈ ಜಾಲಿಯ ತವರು ಅಮೆರಿಕ ಖಂಡ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದು ಭಾರತಕ್ಕೆ ಬಂದಿತು. ಸೌದೆಗೆ ಆಗುತ್ತದೆ, ಮರಳನ್ನು ಹಿಡಿದು ನಿಲ್ಲಿಸುತ್ತದೆ, ಯಾರ ಆರೈಕೆಯೂ ಬೇಡ ಎಂಬ ಕಾರಣಗಳಿಂದ ಒಣನಾಡುಗಳಲ್ಲೆಲ್ಲ ಅದಕ್ಕೆ ಸ್ವಾಗತ ದೊರೆಯಿತು. 1930ರ ದಶಕದಲ್ಲಿ ಜೋಧಪುರದ ಮಹಾರಾಜರು ವಿಮಾನದಿಂದ ಅದರ ಬೀಜಗಳನ್ನು ಚೆಲ್ಲಿಸಿದರೆಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಉದ್ದೇಶ ಒಳ್ಳೆಯದೇ. ಬರದ ನಾಡಿನ ಬಡವನ ಒಲೆ ಉರಿಯಲಿ ಎಂಬುದಕ್ಕಿಂತ ಒಳ್ಳೆಯ ಉದ್ದೇಶ ಯಾವುದಿದ್ದೀತು? ಆ ಒಲೆಗಳು ಉರಿದುದೂ ನಿಜ. ಇಂದಿಗೂ ಎಷ್ಟೋ ಮನೆಗಳ ಅನ್ನ ಬೇಯುವುದು ಈ ಜಾಲಿಯ ಸೌದೆಯಿಂದಲೇ.

ಆದರೆ ಕರೆದ ಅತಿಥಿ ಮನೆಯೊಡೆಯನನ್ನೇ ಹೊರಗಟ್ಟಿದಂತಾಯಿತು. ಆಡುಗಳು ಅದರ ಸಿಹಿಗಾಯಿಯನ್ನು ತಿಂದು ಬೀಜವನ್ನು ಎಲ್ಲೆಡೆ ಹರಡಿದವು. ಎಲೆಯನ್ನು ಮಾತ್ರ ಮುಟ್ಟಲಿಲ್ಲ. ಅದರ ಬೇರು ಆಳಕ್ಕಿಳಿದು ನೀರನ್ನು ಹೀರಿತು. ಅದರ ದಟ್ಟಣೆಯಲ್ಲಿ ಊರಿನ ಹಳೆಯ ಗಿಡಗಳು ಒಂದೊಂದಾಗಿ ಸೋತವು. ಕಡಿದರೆ ಬುಡದಿಂದ ಇಮ್ಮಡಿಯಾಗಿ ಚಿಗುರುವುದು ಅದರ ಸ್ವಭಾವ. ಕೋಟೆಯ ಪಕ್ಕದ ಬಂಡೆನೆಲವೆಲ್ಲ ಹೀಗೆ ಅದರ ವಶವಾಗಿದ್ದಿತು.

ಸುತ್ತಿಗೆಯ ನಾದ

ಮೆಹರಾನ್‌ಗಢ ವಸ್ತುಸಂಗ್ರಹಾಲಯ ಟ್ರಸ್ಟಿನವರು ಈ ನೆಲವನ್ನು ಸರಿಪಡಿಸುವ ಕೆಲಸವನ್ನು 2006ರಲ್ಲಿ ಕೈಗೊಂಡರು. ಅದರ ಹೊಣೆಯನ್ನು ಹೊತ್ತವರು ಪ್ರದೀಪ್ ಕ್ರಿಶೆನ್. ಅವರು ಸಸ್ಯಶಾಸ್ತ್ರದ ಪಂಡಿತರಾಗಿ ಬಂದವರಲ್ಲ. "ಮ್ಯಾಸ್ಸಿ ಸಾಹಿಬ್" ಎಂಬ ಚಿತ್ರವನ್ನು ನಿರ್ದೇಶಿಸಿ ಹೆಸರು ಪಡೆದವರು. ಬಳಿಕ ಚಿತ್ರರಂಗವನ್ನು ಬಿಟ್ಟು, ತಾವಾಗಿಯೇ ಮರಗಿಡಗಳ ಅಭ್ಯಾಸದಲ್ಲಿ ತೊಡಗಿ, ದೆಹಲಿಯ ಮರಗಳನ್ನು ಕುರಿತು ಮನೋಹರವಾದ ಗ್ರಂಥವನ್ನು ಬರೆದರು.

ಮೊದಲ ತೊಡಕು ಜಾಲಿಯನ್ನು ಕೀಳುವುದು. ಮೇಲೆ ಕಡಿದು ಪ್ರಯೋಜನವಿಲ್ಲ. ಅದು ಮತ್ತೆ ಚಿಗುರುವ ಮೊಗ್ಗುಗಳು ಬುಡದಲ್ಲಿ, ನೆಲದಿಂದ ಸುಮಾರು ಒಂದೂವರೆ ಅಡಿಯವರೆಗೆ ಅಡಗಿರುತ್ತವೆ. ಅಷ್ಟನ್ನೂ ತೆಗೆದರೆ ಮಾತ್ರ ಗಿಡ ಸಾಯುತ್ತದೆ. ಹೊಲದಲ್ಲಾದರೆ ಅದು ಗುದ್ದಲಿಯ ಕೆಲಸ. ಇಲ್ಲಿಯೋ ಬೇರು ರಯೋಲೈಟಿನ ಬಿರುಕಿನಲ್ಲಿ ಬೆಣೆಯಂತೆ ಕೂತಿದೆ. ಗುದ್ದಲಿ ಹಾಕಿದರೆ ಗುದ್ದಲಿಯೇ ಮುರಿಯುತ್ತದೆ.

ಈ ತೊಡಕನ್ನು ಬಿಡಿಸಿದವರು ಪುಸ್ತಕ ಓದಿದವರಲ್ಲ. ಜೋಧಪುರದ ಸುತ್ತಿನ ಕಲ್ಲುಗಣಿಗಳಲ್ಲಿ ತಲೆಮಾರುಗಳಿಂದ ದುಡಿಯುತ್ತ ಬಂದ ಖಂಡವಾಲಿಯಾ ಎಂಬ ಜನರಿದ್ದಾರೆ. ಕಲ್ಲಿನ ಮೇಲೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಹೊರಟ ನಾದದಿಂದಲೇ ಬಂಡೆಯ ಒಳಬಿರುಕು ಯಾವ ಕಡೆಗೆ ಹರಿದಿದೆ, ಎಲ್ಲಿ ಹೊಡೆದರೆ ಸೀಳು ಬಿಡುತ್ತದೆ ಎಂಬುದನ್ನು ಅವರು ಹೇಳಬಲ್ಲರು. ವೀಣೆಯ ತಂತಿಯನ್ನು ಮೀಟಿ ಶ್ರುತಿಯನ್ನು ಅರಿಯುವ ವೈಣಿಕನಂತೆ! ಅವರು ಉಳಿ ಸುತ್ತಿಗೆಗಳನ್ನು ಹಿಡಿದು ಒಂದೊಂದು ಜಾಲಿಯ ಬುಡದಲ್ಲಿಯೂ ಬಂಡೆಯನ್ನು ಸೀಳಿ, ಮೊಗ್ಗಿರುವ ಭಾಗವನ್ನು ಬೇರಿನೊಡನೆ ಹೊರತೆಗೆದರು. ಒಂದಲ್ಲ, ಹತ್ತಲ್ಲ, ಎಕರೆಗಟ್ಟಲೆ ನೆಲದಲ್ಲಿ ಹೀಗೆ ಗಿಡಕ್ಕೆ ಗಿಡ ಕೈಯಿಂದಲೇ ಕೆಲಸ ನಡೆಯಿತು.

ಜಾಲಿ ಹೋದ ಜಾಗದಲ್ಲಿ ಉಳಿದುದು ಒಂದು ಕುಳಿ. ಆ ಕುಳಿಗಳೇ ಹೊಸ ಗಿಡಗಳಿಗೆ ಸಿದ್ಧವಾದ ಕುಂಡಗಳಾದವು. ಕೆಳಗೆ ಬಿರುಕಿದೆಯೆಂಬುದನ್ನು ಜಾಲಿಯ ಬೇರೇ ತೋರಿಸಿಕೊಟ್ಟಿತ್ತು. ಶತ್ರುವು ಹಾಕಿಕೊಟ್ಟ ದಾರಿಯಲ್ಲಿಯೇ ಮನೆಯ ಮಕ್ಕಳು ಹಿಂದಿರುಗಿದರು.

ಯಾವ ಗಿಡ? ಏಕೆ?

ಎರಡನೆಯ ತೊಡಕು ಗಿಡಗಳ ಆಯ್ಕೆ. ಮರುಭೂಮಿಯ ಗಿಡವೆಂದರೆ ಸಾಕು, ಇಲ್ಲಿ ಬಂದೀತು ಎಂದು ಯಾರಾದರೂ ಭಾವಿಸಬಹುದು. ಆದರೆ ಮರಳಿನಲ್ಲಿ ಬಾಳುವುದು ಬೇರೆ, ಬಂಡೆಯಲ್ಲಿ ಬಾಳುವುದು ಬೇರೆ. ರಾಜಸ್ಥಾನದ ರಾಜ್ಯವೃಕ್ಷವಾದ ಖೇಜಡಿಯನ್ನೇ ನೋಡಿರಿ. ಅದು ಕನ್ನಡ ನಾಡಿನ ಬನ್ನಿ. ಪಾಂಡವರು ತಮ್ಮ ಆಯುಧಗಳನ್ನು ಅಡಗಿಸಿಟ್ಟ ಶಮೀವೃಕ್ಷ. 1730ರಲ್ಲಿ ಜೋಧಪುರಕ್ಕೆ ಸಮೀಪದ ಖೇಜಡಲೀ ಗ್ರಾಮದಲ್ಲಿ ಅರಸನ ಆಳುಗಳು ಈ ಮರಗಳನ್ನು ಕಡಿಯಲು ಬಂದಾಗ, ಅಮೃತಾದೇವಿಯೆಂಬ ಬಿಷ್ಣೋಯಿ ಗೃಹಿಣಿ ಮರವನ್ನು ತಬ್ಬಿನಿಂತು ಪ್ರಾಣವನ್ನೊಪ್ಪಿಸಿದಳು. ಅವಳನ್ನು ಅನುಸರಿಸಿ ಒಟ್ಟು 363 ಮಂದಿ ಮಡಿದರೆಂದು ಬಿಷ್ಣೋಯಿಗಳು ಇಂದಿಗೂ ಸ್ಮರಿಸುತ್ತಾರೆ. ಅಂಥ ಪೂಜ್ಯವಾದ ಮರವೂ ಆಳವಾದ ಮರಳುನೆಲವನ್ನು ಬಯಸುತ್ತದೆಯೇ ಹೊರತು ಬರಿಯ ಬಂಡೆಯನ್ನಲ್ಲ. ಪ್ರೀತಿಯಿದೆಯೆಂದು ಅದನ್ನು ಬಂಡೆಯ ಮೇಲೆ ನೆಟ್ಟರೆ ಅದಕ್ಕೆ ಹಿಂಸೆ ಮಾಡಿದಂತೆಯೇ ಸರಿ.

ಆದುದರಿಂದ ಉದ್ಯಾನವನ್ನು ಕಟ್ಟಿದವರು ಮೊದಲು ಮಾಡಿದ ಕೆಲಸ, ಮಾರವಾಡದ ಬೇರೆ ಬೇರೆ ಕಲ್ಲುಬೆಟ್ಟಗಳನ್ನು ಸುತ್ತಿ, ಮನುಷ್ಯನ ಸಹಾಯವಿಲ್ಲದೆ ಅಲ್ಲಿ ಬೆಳೆದಿರುವುದು ಯಾವುದೆಂದು ನೋಡಿದುದು. ಅಲ್ಲಿಂದ ಬೀಜಗಳನ್ನು ತಂದು ತಮ್ಮ ಸಸ್ಯಾಗಾರದಲ್ಲಿ ಸಸಿಮಾಡಿ, ಕುಳಿಗಳಲ್ಲಿ ನೆಟ್ಟರು.

ಹೀಗೆ ಬಂದವುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಥೋರ್. ಇದು ಕಳ್ಳಿಯ ಜಾತಿ. ಬಂಡೆಯ ಮೇಲೆ ದೀಪಸ್ತಂಭಗಳ ಗುಂಪಿನಂತೆ ತನ್ನ ಹಸುರು ಕಾಂಡಗಳನ್ನು ಎತ್ತಿ ನಿಂತಿರುತ್ತದೆ. ಮಳೆ ಬಂದಾಗ ಎಲೆಗಳನ್ನು ತಳೆಯುತ್ತದೆ. ನೆಲ ಒಣಗಿತೆಂದರೆ ಅವನ್ನು ಉದುರಿಸಿ, ಕಾಂಡದಲ್ಲಿ ಕೂಡಿಟ್ಟ ನೀರಿನಿಂದ ಜೀವ ಹಿಡಿದಿರುತ್ತದೆ. ಮುಳ್ಳೂ ಕಹಿಹಾಲೂ ಇರುವುದರಿಂದ ಆಡುಗಳು ಅದರ ಹತ್ತಿರ ಸುಳಿಯವು. ಅದರ ಮರೆಯಲ್ಲಿ ಬಿದ್ದ ಬೀಜಗಳು ನೆರಳನ್ನೂ ರಕ್ಷಣೆಯನ್ನೂ ಪಡೆದು ಮೊಳೆಯುತ್ತವೆ. ನೋಟಕ್ಕೆ ಒರಟಾದ ಈ ಕಳ್ಳಿ ಬಂಡೆಯ ಮೇಲಿನ ಶಿಶುಗಳಿಗೆಲ್ಲ ದಾದಿ.

ಕೈರ್ ಎಂಬುದು ಇನ್ನೊಂದು. ಎಲೆಯೇ ಇಲ್ಲದ ಪೊದೆ ಎನ್ನಬೇಕು. ಎಲೆಯಿದ್ದರೆ ನೀರು ಆವಿಯಾಗಿ ಹೋಗುವುದಷ್ಟೆ? ಆ ಸುಂಕವನ್ನು ತಪ್ಪಿಸಿಕೊಳ್ಳಲು ಅದು ಎಲೆಗಳನ್ನೇ ತ್ಯಜಿಸಿ, ಆಹಾರ ತಯಾರಿಸುವ ಕೆಲಸವನ್ನು ಹಸುರು ಕಡ್ಡಿಗಳಿಗೆ ವಹಿಸಿದೆ. ಬೇಸಗೆ ಬರುತ್ತಿದ್ದಂತೆ ಈ ಬರಲುಕಡ್ಡಿಗಳ ತುಂಬ ಇಟ್ಟಿಗೆಗೆಂಪು ಹೂಗಳು ಅರಳುತ್ತವೆ. ಇದರ ಎಳೆಗಾಯಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ ಕಹಿ ತೆಗೆದು, ಖೇಜಡಿಯ ಒಣಕೋಡಿನೊಡನೆ ಬೇಯಿಸಿದರೆ, ಮಾರವಾಡದ ಹೆಸರಾಂತ ಕೈರ್-ಸಾಂಗ್ರಿ ಪಲ್ಯ ಸಿದ್ಧವಾಗುತ್ತದೆ. ಕುಮಟಿಯೋ ಎಂಬ ಜಾಲಿಯ ಬೀಜವನ್ನೂ ಇನ್ನೆರಡು ವಸ್ತುಗಳನ್ನೂ ಸೇರಿಸಿದರೆ ಅದೇ ಪಂಚಕೂಟ. ಹಸಿ ತರಕಾರಿ ಕಾಣದ ತಿಂಗಳುಗಳಲ್ಲಿ ಅಲ್ಲಿಯ ಗೃಹಿಣಿಯರು ಮನೆಯವರಿಗೆ ಬಡಿಸುತ್ತ ಬಂದುದು ಈ ಮುಳ್ಳುಗಿಡಗಳ ಕೊಡುಗೆಯನ್ನೇ.

ಆ ಕುಮಟಿಯೋ ಬಂಡೆಬೆಟ್ಟಗಳ ನಿಜವಾದ ಒಡೆಯ. ಗೆಣ್ಣುಗೆಣ್ಣಿಗೂ ಬೆಕ್ಕಿನ ಉಗುರಿನಂಥ ಮೂರು ಕೊಕ್ಕೆಮುಳ್ಳುಗಳು ಇದರ ಗುರುತು. ಇದರ ತೊಗಟೆಯಿಂದ ಒಸರುವ ಅಂಟು ಔಷಧಿಗೂ ಮಿಠಾಯಿಗೂ ಸಲ್ಲುತ್ತದೆ. ಗೂಗಲ್ ಎಂಬ ಗಿಡ್ಡ ಗಿಡವೂ ಇಲ್ಲಿದೆ. ವರ್ಷದ ಹೆಚ್ಚು ಭಾಗ ಸತ್ತ ಕಡ್ಡಿಯಂತೆ ತೋರುವ ಇದರ ರಾಳವೇ ಕನ್ನಡಿಗರು ದೇವರಿಗೆ ಹಾಕುವ, ವೈದ್ಯರು ಮದ್ದಿಗೆ ಬಳಸುವ ಗುಗ್ಗುಳ. ರಾಳದ ಆಸೆಯಿಂದ ಮಿತಿಮೀರಿ ಗಾಯಮಾಡಿದುದರಿಂದ ಈ ಗಿಡ ಇಂದು ಅಳಿವಿನ ಅಂಚಿಗೆ ಬಂದಿದೆ. ಉದ್ಯಾನದಲ್ಲಿ ಅದಕ್ಕೆ ಆಶ್ರಯ ದೊರೆತಿರುವುದು ಸಂತೋಷದ ಸಂಗತಿ.

ಇನ್ನು ಬೂಯಿ ಎಂಬ ಪುಟ್ಟ ಪೊದೆ. ಮೈತುಂಬ ಬಿಳಿಯ ತುಪ್ಪುಳವನ್ನು ಹೊದ್ದು ಬಿಸಿಲನ್ನು ಹಿಂದಕ್ಕೆ ಎರಚುತ್ತದೆ. ಅದರ ಹೂಗೊಂಚಲು ಹತ್ತಿಯಷ್ಟು ಮೃದು. ಹಳ್ಳಿಗರು ಅದನ್ನು ದಿಂಬಿಗೆ ತುಂಬುವುದುಂಟು. ಹೀಗೆ ಒಂದು ಗಿಡ ನೀರನ್ನು ಕೂಡಿಡುತ್ತದೆ, ಒಂದು ಎಲೆಯನ್ನು ಬಿಡುತ್ತದೆ, ಒಂದು ಕಂಬಳಿ ಹೊದೆಯುತ್ತದೆ. ಮತ್ತೆ ಕೆಲವು ಬಿಸಿಲುಗಾಲದಲ್ಲಿ ಇರುವುದೇ ಇಲ್ಲ. ಬೀಜವಾಗಿ ಮಲಗಿದ್ದು, ಮೊದಲ ಮಳೆಗೆ ಎದ್ದು, ಕೆಲವೇ ವಾರಗಳಲ್ಲಿ ಹೂವಾಗಿ ಕಾಯಾಗಿ ಮತ್ತೆ ಬೀಜವಾಗಿ ಮಲಗುತ್ತವೆ.

ನಡೆದು ನೋಡಬೇಕು

ಉದ್ಯಾನ ಸಾರ್ವಜನಿಕರಿಗೆ ತೆರೆದುದು 2011ರಲ್ಲಿ. ಒಳಗೆ ಬಣ್ಣದ ಗುರುತುಗಳುಳ್ಳ ಕಾಲುದಾರಿಗಳಿವೆ. ಪ್ರತಿಯೊಂದೂ ಸುಮಾರು ಒಂದು ಕಿಲೋಮೀಟರ್. ಮಕ್ಕಳೂ ಹಿರಿಯರೂ ಜೊತೆಗಿದ್ದರೆ ಒಂದು ದಾರಿ ಸಾಕು. ಗಟ್ಟಿ ಪಾದರಕ್ಷೆ, ತಲೆಗೆ ಟೋಪಿ, ಕುಡಿಯುವ ನೀರು ಅವಶ್ಯ. ಗಿಡಗಳನ್ನು ಬಲ್ಲ ಮಾರ್ಗದರ್ಶಕರೂ ದೊರೆಯುತ್ತಾರೆ. ಅವರಿಲ್ಲದೆ ಹೋದರೆ ಎಷ್ಟೋ ಗಿಡಗಳು ಬರಿಯ ಮುಳ್ಳಾಗಿಯೇ ಕಂಡು, ಅವುಗಳ ಗುಣ ತಿಳಿಯದೆ ಉಳಿಯುತ್ತದೆ.

ಹಸುರನ್ನು ನೋಡಬೇಕೆನ್ನುವವರು ಮಳೆ ಬಿದ್ದ ಮೇಲೆ, ಆಗಸ್ಟ್-ಸೆಪ್ಟೆಂಬರಿನಲ್ಲಿ ಹೋಗಬೇಕು. ಹಿತವಾದ ಹವೆ ಬೇಕೆನ್ನುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಬೆಂಗಳೂರಿನಿಂದ ಜೋಧಪುರಕ್ಕೆ ನೇರವಾದ ರೈಲುಂಟು, ಪ್ರಯಾಣ ದೀರ್ಘ. ದಖ್ಖನಿನ ಕಪ್ಪುನೆಲ, ಗುಜರಾತಿನ ಬಯಲು, ಕೊನೆಗೆ ಮಾರವಾಡದ ಮರಳು ಒಂದಾದಮೇಲೊಂದರಂತೆ ಕಿಟಕಿಯಲ್ಲಿ ಹಾಯ್ದುಹೋಗುವಾಗ, ಎಲ್ಲೆಡೆಯೂ ಹಳಿಯ ಬದಿಯಲ್ಲಿ ಜೊತೆಗೂಡಿ ಬರುವುದು ಅದೇ ಜಾಲಿ.

ಕೋಟೆಯನ್ನು ನೋಡಲು ಬಂದವರಲ್ಲಿ ಹೆಚ್ಚಿನವರು ಈ ಉದ್ಯಾನದತ್ತ ತಿರುಗುವುದಿಲ್ಲ. ತಿರುಗಿದವರಲ್ಲಿಯೂ ಕೆಲವರು, "ಇಲ್ಲಿ ನೋಡುವುದೇನಿದೆ?" ಎಂದು ಬಾಗಿಲಿನಿಂದಲೇ ಮರಳುವುದುಂಟು. ಅದು ಸಹಜವೇ. ಅರಮನೆಯ ಕನ್ನಡಿಗಳು ಒಂದು ನೋಟಕ್ಕೆ ಮನಸ್ಸನ್ನು ಸೆಳೆಯುತ್ತವೆ. ಬೂಯಿಯ ತುಪ್ಪುಳವನ್ನು ನೋಡಲು ಬಾಗಬೇಕಾಗುತ್ತದೆ.

ಕಲಿಯಬೇಕಾದ ಪಾಠ

ಉದ್ಯಾನದ ಕೆಲಸ ಮುಗಿಯಿತೆಂದು ಹೇಳುವಂತಿಲ್ಲ. ಬೇಲಿಯ ಆಚೆ ಜಾಲಿ ಇದ್ದೇ ಇದೆ. ಅದರ ಬೀಜ ಎಂದಾದರೂ ಒಳಗೆ ಬಂದು ಮೊಳೆಯಬಹುದು. ಎಳೆಯದಾಗಿದ್ದಾಗಲೇ ಅದನ್ನು ಕಂಡು ಕೀಳದಿದ್ದರೆ ಮತ್ತೆ ಬಂಡೆಯನ್ನು ಸೀಳಬೇಕಾಗುತ್ತದೆ. ವಿಮಾನದಿಂದ ಬೀಜವನ್ನು ಚೆಲ್ಲಲು ಕೆಲವು ಗಂಟೆ ಸಾಕಾಗಿದ್ದೀತು. ಅದರ ಫಲವನ್ನು ತೆಗೆಯಲು ವರ್ಷಗಳು ಹಿಡಿದಿವೆ.

ಇದು ಜೋಧಪುರದ ಮಾತು ಮಾತ್ರವಲ್ಲ. ಮನೆಯ ಮುಂದೆ ಎರಡು ಮಾರು ಕಲ್ಲುನೆಲವಿರುವವರಿಗೂ, ಊರ ಮಗ್ಗುಲ ಬೋಳುಗುಡ್ಡವನ್ನು ಹಸುರು ಮಾಡಬೇಕೆನ್ನುವ ಸಂಘದವರಿಗೂ ಇದು ಸಲ್ಲುತ್ತದೆ. ಅಂಗಡಿಯಲ್ಲಿ ದೊರೆಯುವ ಗಿಡವನ್ನು ತಂದು, ಬಾವಿಯ ನೀರನ್ನೆಲ್ಲ ಸುರಿದು, ಬೇಸಗೆಯಲ್ಲಿ ಅದು ಒಣಗಿತೆಂದು ಕೊರಗುವುದಕ್ಕಿಂತ, ಹತ್ತಿರದ ಗುಡ್ಡವನ್ನು ಒಮ್ಮೆ ಹತ್ತಿ ನೋಡುವುದು ಲೇಸು. ಯಾರೂ ನೀರೆರೆಯದೆ ಅಲ್ಲಿ ನಿಂತಿರುವುದು ಯಾವುದು? ಬಿರುಕಿನಲ್ಲಿರುವುದು ಯಾವುದು, ತಗ್ಗಿನ ಮಣ್ಣಿನಲ್ಲಿರುವುದು ಯಾವುದು? ಮಳೆ ಹಿಡಿದ ಮೇಲೆ ಎಳೆಯ ಸಸಿಯನ್ನು ನೆಟ್ಟರೆ, ಬೇಸಗೆಯೊಳಗಾಗಿ ಬೇರು ಕೆಳಗಿಳಿಯಲು ಅದಕ್ಕೆ ಅವಕಾಶ ದೊರೆಯುತ್ತದೆ. ಎತ್ತರವಾದ ಗಿಡವನ್ನು ತಂದು ನೆಟ್ಟರೆ ಮೇಲಿನ ಎಲೆಗೆ ಕೆಳಗಿನ ಬೇರು ಸಾಲದೆ ಸೊರಗುತ್ತದೆ. ಚಿತ್ರದುರ್ಗದ ಬಂಡೆಗೆ ಮಾರವಾಡದ ಥೋರನ್ನು ತರಬೇಕಾಗಿಲ್ಲ. ಹೊನ್ನಿನ ಹೂ ಬಿಡುವ ತಂಗಡಿ, ಬಂದರಿಕೆ, ಬೋರೆ, ಕವಳೆ, ಕಮರ ಇವೆಲ್ಲ ಕನ್ನಡ ನಾಡಿನ ಒಣಗುಡ್ಡಗಳಲ್ಲಿ ತಾವಾಗಿಯೇ ಬೆಳೆಯುತ್ತವೆ.

ಸಂಜೆ ಸೂರ್ಯ ಇಳಿಯುವ ಹೊತ್ತಿಗೆ ಶಿಲೋದ್ಯಾನದ ಕಂದು ಬಂಡೆಗಳು ಕೆಂಪಾಗುತ್ತವೆ. ಮೇಲೆ ಮೆಹರಾನ್‌ಗಢದ ಗೋಡೆ, ಅದರ ನೆರಳು ನಿಧಾನವಾಗಿ ಥೋರಿನ ಗುಂಪುಗಳ ಮೇಲೆ ಚಾಚುತ್ತದೆ. ಹಕ್ಕಿಗಳು ಗೂಡಿಗೆ ಹಿಂದಿರುಗುತ್ತವೆ. ಐದೂವರೆ ಶತಮಾನಗಳ ಹಿಂದೆ ಈ ಬೆಟ್ಟವನ್ನು ಬಿಟ್ಟುಹೋದನೆಂಬ ಚಿಡಿಯಾನಾಥನು ಈಗ ಬಂದು ನೋಡಿದರೆ, ತನ್ನ ಕಾಲದ ಗಿಡಗಳಲ್ಲಿ ಕೆಲವನ್ನಾದರೂ ಗುರುತಿಸಿ ಅವುಗಳ ಬಳಿ ಕೊಂಚ ಹೊತ್ತು ಕುಳಿತಾನು.